ಒಲ್ಲೆನವ್ವನ ಬಂಡೆ

ಗುಂಡ್ಲಹಾಳದ ಪಡುವಣ ಅಗಸೆಬಾಗಿಲನ್ನು ದಾಟಿ ಹಳ್ಳದ ಕಡೆಗೆ ಇಳಿಯುವ ದಾರಿಯಲ್ಲಿ, ಎಮ್ಮೆ ಮಲಗಿದಂತೆ ಕಾಣುವ ಒಂದು ಕರಿಬಂಡೆಯಿದೆ. ಅದರ ಮೇಲೆ ಗುಡಿಯಿಲ್ಲ, ಮೂರ್ತಿಯಿಲ್ಲ, ಹಚ್ಚಿದ ಕುಂಕುಮವೂ ಇಲ್ಲ. ಆದರೂ ಸುತ್ತಿನ ಹಳ್ಳಿಯವರು ಅದರ ಮುಂದೆ ಚಪ್ಪಲಿ ಕಳಚಿಯೇ ನಡೆಯುತ್ತಾರೆ. ಹೆಸರು ಒಲ್ಲೆನವ್ವನ ಬಂಡೆ. ಹರಕೆಗೂ ಒಲಿಯದ ಯಾವುದೋ ಸಿಟ್ಟಿನ ದೇವತೆಯಿರಬೇಕೆಂದು ಹೊಸಬರು ಊಹಿಸುತ್ತಾರೆ. ಸಿಟ್ಟಿನ ಮಾತು ನಿಜ. ದೇವತೆಯ ಮಾತು ಸುಳ್ಳು. ಅವಳು ಕುರಿ ಕಾಯುವವರ ಮನೆಯ ಹೆಣ್ಣುಮಗಳು. ಹೆತ್ತವರು ಇಟ್ಟ ಹೆಸರು ಮಾಳವ್ವ.

ಹಿಂದೆ, ಊರಿಗೆ ಮಣ್ಣಿನ ಕೋಟೆಯೂ ಕೋಟೆಗೆ ತೇಗದ ಕದವೂ ಇದ್ದ ಕಾಲದಲ್ಲಿ, ಸುಲಿಗೆಯ ದಂಡೊಂದು ಈ ಸೀಮೆಗೆ ನುಗ್ಗಿತೆನ್ನುತ್ತಾರೆ. ಆ ದಿನ ಮಾಳವ್ವ ಕಂಬಳಿ ಮಾರಲು ಊರೊಳಗೆ ಬಂದಿದ್ದಳು. ಗಂಡ ಬೀರಪ್ಪನೂ ಮಗಳು ಕೆಂಚವ್ವನೂ ಗುಡ್ಡದಲ್ಲಿ ಕುರಿಗಳೊಂದಿಗೆ ಇದ್ದರು. ಹಳ್ಳದಾಚೆ ಧೂಳೆದ್ದದ್ದನ್ನು ಕಂಡು ತಂದೆ ಮಗಳಿಬ್ಬರೂ ಕುರಿಗಳನ್ನು ಬಿಟ್ಟು ಅಗಸೆಗೆ ಓಡಿಬಂದರು. ದಂಡು ಇನ್ನೂ ಹಳ್ಳಕ್ಕೆ ಇಳಿದಿರಲಿಲ್ಲ. ಇಬ್ಬರನ್ನು ಒಳಗೆ ಎಳೆದುಕೊಳ್ಳಲು ಬೇಕಾದಷ್ಟು ಹೊತ್ತಿತ್ತು. ಆದರೆ ಊರಗೌಡ ದ್ಯಾವನಗೌಡ ತನ್ನ ಕೈಯಾರೆ ಕದವಿಕ್ಕಿ ಅಗುಳಿ ಜಡಿದ. ಮಾಳವ್ವ ಹಾರಿ ಅವನ ಬೆನ್ನಿಗೆ ಗುದ್ದಿದಳು. ಊರಿನ ಗಂಡಸರು ಅವಳ ರಟ್ಟೆ ಹಿಡಿದರು, ಬಾಯಿ ಮುಚ್ಚಿದರು. ಕದದ ಆಚೆ ಮಗಳು ಕೂಗುತ್ತಿದ್ದಳು. ಆಮೇಲೆ ಕೂಗು ನಿಂತಿತು.

ಕೋಟೆ ಒಡೆಯಲಾಗದೆ ದಂಡು ಮುಂದಕ್ಕೆ ಹೋಯಿತು. ಊರು ಉಳಿಯಿತು. ಉಳಿದ ಊರಿಗೆ ಒಂದು ಕಥೆ ಬೇಕಿತ್ತು, ಗೌಡ ಅದನ್ನು ಒದಗಿಸಿದ: ದಂಡಿನ ಕುದುರೆಗಳು ಅಗಸೆಗೇ ಬಂದಿದ್ದವು, ಧೂಳಿನಲ್ಲಿ ಯಾರ ಮುಖವೂ ಕಾಣಲಿಲ್ಲ. ರಟ್ಟೆ ಹಿಡಿದವರೂ ಹಾಗೆಯೇ ಹೇಳಿದರು. ಹೇಳುತ್ತ ಹೇಳುತ್ತ ನಂಬಿಯೂಬಿಟ್ಟರು. ಮುಂದೆ ಗೌಡನ ಮಗಳಿಗೆ ಗಂಡು ಗೊತ್ತಾದಾಗ ಬೀಗರು ತಕರಾರು ತೆಗೆದರು. ಗಂಡನನ್ನೂ ಮಗಳನ್ನೂ ಕಳೆದುಕೊಂಡ ಹೆಣ್ಣಿನ ಶಾಪ ಆ ಮನೆಯ ಮೇಲಿದೆಯಂತೆ, ಆಕೆಯ ಬಾಯಿಂದ ಸಮಾಧಾನದ ಮಾತು ಬಂದ ಹೊರತು ಹೆಣ್ಣು ತರುವುದಿಲ್ಲ ಎಂದರು. ಆಗ ಊರಿಗೆ ಮಾಳವ್ವನ ನೆನಪಾಯಿತು. ಹಿರಿಯರು ವೀಳ್ಯ, ಸೀರೆ, ಒಂದು ಕುರಿಮರಿ ಹಿಡಿದು ಅವಳ ಗುಡಿಸಲಿಗೆ ಬಂದರು. ಜೊತೆಗೆ ಮಠದ ಅಯ್ಯನವರನ್ನೂ ಕರೆತಂದರು. ಅವರು ಕ್ಷಮೆಯೇ ಧರ್ಮದ ಬೇರೆಂದು ತಿಳಿಹೇಳಿ, “ಆಗಿದ್ದು ಆಗಿಹೋತು, ಹೊಟ್ಟಿಗೆ ಹಾಕ್ಕೋ ತಂಗಿ,” ಎಂದರು.

ಮಾಳವ್ವನ ಕಣ್ಣು ಕೆಂಡವಾಯಿತು. “ಇದೇ ಹೊಟ್ಟಿಯಾಗ ಹುಟ್ಟಿದಾಕಿ ನಿಮ್ಮ ಅಗಸಿ ಹೊರಗ ಸತ್ತಾಳ, ಅಯ್ಯನವರ. ಗೌಡ ತಪ್ಪೇ ಮಾಡಿಲ್ಲಂತಾನ. ಮಾಡದ ತಪ್ಪನ್ನ ನಾ ಹೆಂಗ ಹೊಟ್ಟಿಗೆ ಹಾಕ್ಕೊಳ್ಳಲಿ? ಒಲ್ಲೆ!” ಎಂದು ವೀಳ್ಯದ ತಟ್ಟೆಯನ್ನು ಕಾಲಿಂದ ಒದ್ದಳು.

ಊರು ಅವಳ ಒಲೆಗೆ ಬೆಂಕಿ ಕೊಡುವುದನ್ನು ನಿಲ್ಲಿಸಿತು, ಬಾವಿಯ ಹಗ್ಗ ಮುಟ್ಟಗೊಡಲಿಲ್ಲ. ಕದವಿಕ್ಕಿದವನು ಚಾವಡಿಯಲ್ಲಿ ಕುಳಿತು ನ್ಯಾಯ ಹೇಳುತ್ತಿದ್ದ, ಕಳೆದುಕೊಂಡವಳು ಹಟಮಾರಿಯಾದಳು. ಅವಳು ಹಳ್ಳದ ನೀರು ಕುಡಿದಳು. ಹಗಲೆಲ್ಲ ಬಂದು ಅಗಸೆಯೆದುರಿನ ಆ ಬಂಡೆಯ ಮೇಲೆ ಕೂತಳು. ಹೋಗುವವರು ಬರುವವರು “ಬಿಟ್ಟುಬಿಡಬೇ, ನಿನ್ನ ಜೀವಕ್ಕ ನೆಮ್ಮದಿ,” ಎಂದು ಬುದ್ಧಿ ಹೇಳುವರು. “ಒಲ್ಲೆ,” ಎಂಬುದೊಂದೇ ಉತ್ತರ. ಮಾಳವ್ವನೆಂಬ ಹೆಸರು ಜನರ ಬಾಯಲ್ಲಿ ಸವೆದು ಒಲ್ಲೆನವ್ವ ಉಳಿಯಿತು.

ವರುಷಗಳು ಉರುಳಿದವು. ಮಗಳ ಮದುವೆ ಮುರಿದುಹೋಗಿ, ಮೈಯೂ ಸೋತು, ಗೌಡ ಒಂದು ಮಧ್ಯಾಹ್ನ ಕೋಲೂರಿಕೊಂಡು ಬಂಡೆಯ ಬುಡಕ್ಕೆ ಬಂದ. “ನನ್ನಿಂದ ತಪ್ಪಾಗಿದ್ರ ಕ್ಷಮಾ ಮಾಡವ್ವ,” ಎಂದ.

“ಆಗಿದ್ರ?” ಎಂದು ಅವಳು ಬಂಡೆಯ ಮೇಲೆ ಎದ್ದು ನಿಂತಳು. “ಆಗಿದ್ರ ಅಂತೀಯೇನೋ? ಒಲ್ಲೆ! ನಡಿ!”

ಗೌಡ ಅಗಸೆಯವರೆಗೆ ಹೋದ. ಅಲ್ಲಿ ತಾನೇ ಜಡಿದಿದ್ದ ಅಗುಳಿಯನ್ನು ಮುಟ್ಟಿ ನಿಂತವನು ಮುಂದಕ್ಕೆ ಹೆಜ್ಜೆಯಿಡಲಾರದೆ ಹೋದನಂತೆ. ಮರಳಿ ಬಂದು, ಹೊಲದಿಂದ ಬರುತ್ತಿದ್ದ ಜನರೆಲ್ಲ ಕೇಳುವಂತೆ ಹೇಳಿದ: “ಧೂಳು ಇರಲಿಲ್ಲ. ದಂಡು ಹಳ್ಳದ ಆಚಿಗಿತ್ತು. ಬೀರಪ್ಪನ ಮಾರಿ ಕಂಡೆ. ಕೆಂಚವ್ವ ‘ಗೌಡಪ್ಪ, ತಗೀರಿ’ ಅಂತ ನನ್ನನ್ನೇ ಕೂಗಿದ್ಲು. ಹೆದರಿದೆ. ಗುರುತು ಹತ್ತಿಯೂ ಅಗುಳಿ ಹಾಕಿದೆ. ಆಮ್ಯಾಲ ಸುಳ್ಳು ಹೇಳಿದೆ.”

ಮಾಳವ್ವ ಬಂಡೆಯಿಂದ ಇಳಿದು ಅವನ ಎದೆಗೆ ಎರಡೂ ಮುಷ್ಟಿಯಿಂದ ಬಡಿದಳು. ಬೈದಳು, ಬಾಯಿ ಒಣಗುವವರೆಗೆ ಬೈದಳು. ಯಾರೋ ಅವಳ ರಟ್ಟೆ ಹಿಡಿಯಲು ಮುಂದಾದಾಗ ಗೌಡನೇ, “ಮುಟ್ಟಬ್ಯಾಡ್ರಿ,” ಎಂದ. ಕೊನೆಗೆ ಅವಳು ನೆಲಕ್ಕೆ ಕುಸಿದು, ಅದುವರೆಗೆ ಯಾರೂ ಕಂಡಿರದ ಅಳು ಅತ್ತಳು. ಅತ್ತು ಮುಗಿದ ಮೇಲೆ, “ಬಿಟ್ಟೆ,” ಎಂದಳು. “ಮರತೀನಿ ಅಂತ ತಿಳಕೋಬ್ಯಾಡ. ನಿನ್ನ ಮೊಮ್ಮಕ್ಕಳಿಗೂ ಇದನ್ನೇ ಹೇಳು, ಧೂಳಿನ ಕಥಿ ಹೇಳಬ್ಯಾಡ.” ಅವಳು ಆಮೇಲೆ ಅವನ ಮನೆಯಲ್ಲಿ ಉಂಡಳೆಂದು ಕೆಲವರು ಹೇಳುತ್ತಾರೆ. ಅವನ ಹೊಸ್ತಿಲನ್ನು ಎಂದೂ ತುಳಿಯಲಿಲ್ಲ ಎನ್ನುವವರೇ ಹೆಚ್ಚು.

ಇಂದಿಗೂ ಅಣ್ಣತಮ್ಮಂದಿರು, ಅತ್ತೆ ಸೊಸೆಯರು, ಗೆಳೆಯರಾಗಿದ್ದವರು ಮುನಿಸು ಹೊತ್ತು ಇಲ್ಲಿಗೆ ಬರುವುದನ್ನು ಕಾಣಬಹುದು. ನೊಂದವರು ಮೇಲೆ ಕೂರುತ್ತಾರೆ, ನೋಯಿಸಿದವರು ಬಿಸಿಲಲ್ಲಿ ಕೆಳಗೆ ನಿಂತು ಮಾಡಿದ್ದನ್ನು ಬಾಯಿಬಿಟ್ಟು ಹೇಳುತ್ತಾರೆ. ‘ತಪ್ಪಾಗಿದ್ದರೆ’ ಎಂದು ಶುರುಮಾಡಿದವರನ್ನು ಅಲ್ಲಿ ಕೂತ ಮುದುಕಿಯರೇ ಗದರಿಸಿ ಹಿಂದಕ್ಕೆ ಕಳಿಸುತ್ತಾರೆ. ಎಲ್ಲವನ್ನೂ ಕೇಳಿಯೂ ಮೇಲಿನವರು ‘ಒಲ್ಲೆ’ ಎಂದರೆ, ಅವರನ್ನು ಮಾತ್ರ ಯಾರೂ ಏನೂ ಅನ್ನುವುದಿಲ್ಲ.