ಸೋಮವಾರದ ಅಳತೆ

ನದಿಯ ದಂಡೆಯ ಮೇಲೊಂದು ವ್ಯಾಯಾಮಶಾಲೆ. ಅಲ್ಲಿ ಇಂದಕ್ಕ ಹನ್ನೊಂದು ಮಂದಿ ಹುಡುಗಿಯರಿಗೆ ಜಿಮ್ನಾಸ್ಟಿಕ್ಸ್ ಕಲಿಸುತ್ತಿದ್ದರು.

ಬಾರ್ ಎಂಬ ಅಡ್ಡಕಂಬಿ ಹಿಡಿದು ತಿರುಗುವಾಗ ಅಂಗೈ ಕಿತ್ತುಬರದಿರಲೆಂದು ಹುಡುಗಿಯರು ಚರ್ಮದ ಗ್ರಿಪ್ ಕಟ್ಟುತ್ತಾರೆ. ಬೆರಳು ತೂರಿಸಲು ತೂತು, ಮಣಿಕಟ್ಟಿಗೆ ಪಟ್ಟಿ. ಹೊಸದರಲ್ಲಿ ಅಂಗೈಗೆ ಸರಿಯಾಗಿರುತ್ತದೆ. ಬಳಸಿದಷ್ಟೂ ಹಿಗ್ಗುತ್ತದೆ.

ಪ್ರತಿ ಸೋಮವಾರ ಬೆಳಿಗ್ಗೆ ಎಲ್ಲರ ಗ್ರಿಪ್‌ಗಳೂ ಕಲ್ಲುಬೆಂಚಿನ ಮೇಲೆ ಬರಬೇಕು. ಇಂದಕ್ಕ ದರ್ಜಿಯ ಟೇಪಿನಿಂದ ಅಳೆದು ಪುಸ್ತಕದಲ್ಲಿ ಹೆಸರು, ದಿನ, ಉದ್ದ ಬರೆಯುವರು. ಅರ್ಧ ಬೆರಳಿನಗಲ ಹಿಗ್ಗಿದ್ದರೂ ಸಾಕು, ಕತ್ತರಿಯಿಂದ ಎರಡು ತುಂಡು. ಎತ್ತಿಟ್ಟರೆ ಯಾರಾದರೂ ಮಮತೆಯಿಂದ ಮತ್ತೆ ಕಟ್ಟಿಕೊಂಡಾರೆಂಬ ಭಯ ಅವರಿಗೆ.

ಹಳೇ ಗ್ರಿಪ್ ಕಂಡರೆ ಅಕ್ಕನಿಗೆ ಸವತಿಯನ್ನು ಕಂಡ ಹಾಗೆ ಎಂದು ಹುಡುಗಿಯರು ನಗುತ್ತಿದ್ದರು.

ಒಂದು ಜೊತೆ ಮಾತ್ರ ಆ ಪುಸ್ತಕದಲ್ಲಿರಲಿಲ್ಲ. ಇಂದಕ್ಕ ತಮ್ಮ ಇಪ್ಪತ್ತೆರಡನೇ ವಯಸ್ಸಿನಲ್ಲಿ ಪದಕ ಗೆದ್ದಾಗ ಕಟ್ಟಿದ್ದ ಗ್ರಿಪ್. ಗೋಡೆಯ ಮೊಳೆಗೆ ತೂಗುತ್ತಿತ್ತು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ, ಚೆಂಡುಹೂ. ಅದನ್ನು ಯಾರೂ ಅಳೆದಿರಲಿಲ್ಲ.

ಪಂದ್ಯಕ್ಕೆ ಹೊರಡುವ ಬೆಳಿಗ್ಗೆ, ಹನ್ನೊಂದು ಮಂದಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದ ನೀಲವೇಣಿ ಇಂದಕ್ಕನ ಕಾಲು ಮುಟ್ಟಿ ಆ ಜೊತೆಯನ್ನು ಕೇಳಿದಳು. ಅದು ಕೈಯಲ್ಲಿದ್ದರೆ ತನಗೆ ಹೆದರಿಕೆಯೇ ಆಗದು ಎಂದಳು.

ಇಂದಕ್ಕನ ಮುಖ ಅರಳಿತು. ತಾವೇ ಮೊಳೆಯಿಂದ ಇಳಿಸಿ ಕುಂಕುಮ ಒರೆಸಿದರು. ಪಂದ್ಯದ ಅಂಗಳದಲ್ಲಿ ತಾವೇ ಅವಳ ಮಣಿಕಟ್ಟಿಗೆ ಕಟ್ಟಿದರು.

"ಸ್ವಲ್ಪ ಸಡಿಲ ಅನ್ನಿಸ್ತಿದೆ, ಅಕ್ಕಾ."

"ಎರಡು ಸುತ್ತು ತಿರುಗು. ಕೂತ್ಕೊಳ್ಳುತ್ತೆ."

ಮೂರನೇ ಸುತ್ತಿನಲ್ಲಿ, ಹೆಚ್ಚಾಗಿದ್ದ ಚರ್ಮ ಬಾರ್‌ಗೆ ಸುತ್ತಿಕೊಂಡು, ತನ್ನ ಮೇಲೆ ತಾನೇ ಮಡಚಿ ಕಚ್ಚಿ ಹಿಡಿಯಿತು. ಕೈ ನಿಂತಿತು. ಮೈ ನಿಲ್ಲಲಿಲ್ಲ. ಬಲ ಮುಂಗೈಯ ಎರಡೂ ಮೂಳೆ ಮುರಿದ ಸದ್ದು ಕೊನೆಯ ಬೆಂಚಿನವರಿಗೂ ಕೇಳಿಸಿತು.

ಒಂಬತ್ತು ತಿಂಗಳಾದ ಮೇಲೆ, ಒಂದು ಸೋಮವಾರ, ನೀಲವೇಣಿ ವ್ಯಾಯಾಮಶಾಲೆಗೆ ಬಂದಳು.

ಮೂಳೆ ಕೂಡಿತ್ತು. ಆದರೆ ಬಲ ಅಂಗೈ ಪೂರ್ತಿ ಮೇಲ್ಮುಖವಾಗಿ ತಿರುಗುತ್ತಿರಲಿಲ್ಲ, ಬೆರಳುಗಳಿಗೆ ಪೆನ್ನು ಹಿಡಿಯುವಷ್ಟು ಹಿಡಿತವೂ ಬಂದಿರಲಿಲ್ಲ. ಇನ್ನು ಬಾರ್ ಮುಟ್ಟುವ ಹಾಗಿಲ್ಲವೆಂದು ಡಾಕ್ಟರು ಹೇಳಿದ್ದರು. ದೇವಸ್ಥಾನದಲ್ಲಿ ಕೈಯೊಡ್ಡಿದರೆ ತೀರ್ಥ ಪಕ್ಕಕ್ಕೆ ಹರಿದುಹೋಗುತ್ತದೆ, ಪಾಪ ಭಟ್ಟರು ತನಗೊಬ್ಬಳಿಗೇ ಎರಡು ಸಲ ಹಾಕುತ್ತಾರೆ ಎಂದು ಅವಳು ಗೆಳತಿಯರಿಗೆ ಹೇಳಿದಳು. ಎಲ್ಲರೂ ನಕ್ಕರು. ಇಂದಕ್ಕ ನಗಲಿಲ್ಲ.

ಆ ಜೊತೆ ಗೋಡೆಯ ಮೇಲೇ ಇತ್ತು. ಪಂದ್ಯದ ಮರುದಿನ ಯಾರೋ ತಂದು ನೇತುಹಾಕಿದ್ದರು. ಇಂದಕ್ಕ ಅದನ್ನು ಮುಟ್ಟಿಯೂ ಇರಲಿಲ್ಲ, ತೆಗೆಸಿಯೂ ಇರಲಿಲ್ಲ.

ನೀಲವೇಣಿ ಅದನ್ನೇ ನೋಡುತ್ತ ಕೇಳಿದಳು. "ಆಸ್ಪತ್ರೆಯಲ್ಲಿ ಮಲಗಿದ್ದಾಗಿನಿಂದ ಇದೊಂದೇ ಯೋಚನೆ. ನಿಮ್ಮ ಗ್ರಿಪ್ ಕಟ್ಟಿಕೊಳ್ಳೋ ಯೋಗ್ಯತೆ ನನಗಿರಲಿಲ್ವಾ, ಅಕ್ಕಾ?"

ಇಂದಕ್ಕ ಎದ್ದು ಗ್ರಿಪ್ ಇಳಿಸಿ ಕಲ್ಲುಬೆಂಚಿನ ಮೇಲಿಟ್ಟರು. ಟೇಪನ್ನು ಅವಳ ಎಡಗೈಗೆ ಕೊಟ್ಟರು.

"ಅಳೆ."

ಅವಳು ಅಳೆದಳು. ಪುಸ್ತಕದಲ್ಲಿ ಅವಳ ಸ್ವಂತ ಗ್ರಿಪ್ಪಿನ ಅಳತೆ ಇತ್ತು. ಇದು ಅದಕ್ಕಿಂತ ಒಂದೂವರೆ ಬೆರಳಿನಗಲ ಉದ್ದ. ಅವಳು ಇನ್ನೊಮ್ಮೆ ಅಳೆದಳು. ಅಷ್ಟೇ ಬಂತು.

"ಬರೆ."

"ಇವತ್ತಿನ ತಾರೀಕು ಹಾಕಲಾ?"

"ಬೇಡ. ಪಂದ್ಯದ ದಿನದ್ದು ಹಾಕು."

ಎಡಗೈಯ ಅಂಕಿಗಳು ಸೊಟ್ಟಗೆ ಬಿದ್ದವು. ಇಂದಕ್ಕ ಪೆನ್ನು ತೆಗೆದುಕೊಂಡು ಅದರ ಮುಂದೆ ತಮ್ಮ ದುಂಡು ಅಕ್ಷರದಲ್ಲಿ ಬರೆದರು: ಸಡಿಲ ಎಂದಳು. ನಾನು ಕೇಳಲಿಲ್ಲ.

ಆಮೇಲೆ ಕತ್ತರಿ ಎತ್ತಿಕೊಂಡರು. ಹಳೆಯ ಚರ್ಮ ಒಣಗಿ ಗಟ್ಟಿಯಾಗಿತ್ತು. ಬೇಗ ತುಂಡಾಗಲಿಲ್ಲ.

ನಾಲ್ಕು ತುಂಡುಗಳು ಬೆಂಚಿನ ಮೇಲೆ ಬಿದ್ದ ಮೇಲೆ ನೀಲವೇಣಿ ಅದರ ತುದಿಯಲ್ಲಿ ಕೂತು ಮೆಲ್ಲಗೆ ಹೇಳಿದಳು. "ನನಗಿನ್ನು ಬಾರ್ ಇಲ್ಲ. ನಾನಿಲ್ಲಿಗೆ ಬಂದು ಏನು ಮಾಡಲಿ, ಅಕ್ಕಾ?"

ಇಂದಕ್ಕ ಟೇಪು, ಕತ್ತರಿ, ಪುಸ್ತಕ ಮೂರನ್ನೂ ಅವಳ ಮಡಿಲಲ್ಲಿಟ್ಟರು.

"ಸೋಮವಾರ ನೀನು ಅಳೆ. ಉಳಿದ ದಿನ ಯಾರಾದರೂ ಸಡಿಲ ಅಂದರೆ, ಅಲ್ಲೇ ಬಿಚ್ಚಿಸು. ಕಟ್ಟಿದ್ದು ಯಾರು ಅಂತ ಕೇಳಬೇಡ."