ತಿಪ್ಪಕ್ಕನ ಬಿಳಿ ಟವೆಲ್

ಸಾವಿರ ಬಾಯಿ, ಒಂದೂ ಹಲ್ಲಿಲ್ಲ. ತಿಂದದ್ದನ್ನು ಕಕ್ಕೋದೂ ಇಲ್ಲ. ಏನದು? ತಲೆ ಕೆರ್ಕೋಬೇಡಿ, ನಿಮಗೆ ಗೊತ್ತಾಗಲ್ಲ.

ಬೆಳಿಗ್ಗೆ ಬೈಪಾಸಿನಲ್ಲಿ ಸೊಪ್ಪು ಮಾರುವ ದುರುಗಪ್ಪನಿಗೆ ಯಾವುದೋ ಗಾಡಿ ಗುದ್ದಿ ಹೋಯಿತು. ಅವನು ಅಲ್ಲೇ ಸತ್ತ. ನೋಡಿದವರಿಲ್ಲ. ಅವನ ಗಿಳಿಹಸಿರು ಸೈಕಲ್ ಪಕ್ಕದಲ್ಲೇ ಮುರಿದು ಬಿದ್ದಿತ್ತು.

ಮಧ್ಯಾಹ್ನ ಕಂಟ್ರಾಕ್ಟರ್ ಓಂಕಾರಪ್ಪನ ಕರಿ ಕಾರು ನಮ್ಮೂರಿನ ಗಾಡಿ ತೊಳೆಯುವ ವಾಟರ್ ಸರ್ವಿಸಿಗೆ ಬಂತು. ಬಾಗಿಲ ಮೇಲೆ ಗಿಳಿಹಸಿರು ಗೀರು.

"ಏ ಮುದುಕಿ, ಪಾಲಿಶ್ ಹಾಕಿ ಇದನ್ನ ಎತ್ತು. ಕಪ್ಪು ಟವೆಲ್ಲಲ್ಲಿ ಒರೆಸು. ಕೊಳೆ ಕಾಣಬಾರದು."

ಗಾಡಿ ಒರೆಸುವ ತಿಪ್ಪಕ್ಕ ಗೀರು ನೋಡಿದಳು. ಮುಖ ಬದಲಾಗಲಿಲ್ಲ.

"ಕರಿ ಬಟ್ಟೇಲಿ ಕೊಳೆ ಪೂರಾ ಬಂತೋ ಇಲ್ವೋ ಕಾಣಲ್ಲ ಧಣಿ. ಬಿಸಿಲಿಗೆ ಹೋದ್ರೆ ಗಾಡಿ ಮೇಲೆ ಪಟ್ಟೆಪಟ್ಟೆ ಎದ್ದು ಕಾಣ್ತದೆ, ಜನ ನಗ್ತಾರೆ. ಬಿಳಿ ಮೈಕ್ರೋಫೈಬರ್ ಟವೆಲ್ಲೇ ಆಗ್ಬೇಕು. ಹಳೇದ್ರಲ್ಲಿ ಮರಳಿರ್ತದೆ, ಗೀಚ್ತದೆ. ಹೊಸ ಪ್ಯಾಕೆಟ್ ನೀವೇ ಒಡೀರಿ."

ಜನ ನಗ್ತಾರೆ ಅನ್ನೋದು ಅವನಿಗೆ ಚುಚ್ಚಿತು. ಪ್ಯಾಕೆಟ್ಟನ್ನು ಹಲ್ಲಲ್ಲೇ ಕಚ್ಚಿ ಹರಿದ.

ತಿಪ್ಪಕ್ಕ ಒರೆಸಿದಳು. ಗೀರು ಹೋಯಿತು. ಓಂಕಾರಪ್ಪ ಬಾಗಿಲಿನ ಹೊಳಪಲ್ಲಿ ಮುಖ ನೋಡಿಕೊಂಡು ಮೀಸೆ ತೀಡಿದ. ಟವೆಲ್ ಕಡೆ ನೋಡಲೇ ಇಲ್ಲ. ಅದರ ಎಳೆಎಳೆಯ ಸಾವಿರ ಬಾಯಲ್ಲೂ ಗಿಳಿಹಸಿರು ಕೂತಿತ್ತು.

ಸಂಜೆ ಪೊಲೀಸರು ಆ ಟವೆಲ್ ಹಿಡಿದು ಅವನ ಮನೆಗೆ ಹೋದರು.

"ಇದು ನಂದಲ್ಲ," ಅಂದ.

"ಪ್ಯಾಕೆಟ್ ಮೇಲೆ ನಿಮ್ಮ ಹಲ್ಲಿನ ಗುರುತಿದೆ ಸಾರ್," ಅಂದ ಪೇದೆ.

ಮೀಸೆ ಜೋತು ಬಿತ್ತು.

ಈ ಸಂಜೆ, ಈ ಪೇದೆ, ನಾನು ಕಟ್ಟಿದ್ದು. ಮಿಕ್ಕಿದ್ದೆಲ್ಲ ನಿಜ. ತಿಪ್ಪಕ್ಕ ಟವೆಲ್ಲನ್ನು ತಾನೇ ಸ್ಟೇಷನ್ನಿಗೆ ಒಯ್ದಿದ್ದಳು. "ಒಗೆದು ತಗೊಂಡ್ ಬಾರಮ್ಮ," ಅಂತ ಅಲ್ಲಿನ ಪೊಲೀಸರು ನಕ್ಕು ಕಳಿಸಿದರು.

ಅವಳು ಇನ್ನೂ ಒಗೆದಿಲ್ಲ.