ಮೊಸರಿನ ವ್ಯಾನು

"ಗುರುಗಳೇ, ನನಗೆ ಈಗ ಯಾರ ಮಾತೂ ತಾಕುವುದಿಲ್ಲ. ಎಂಥ ಕಷ್ಟ ಬಂದರೂ ನಾನು ಅಲುಗುವುದಿಲ್ಲ. ಆದರೂ ನನ್ನ ಮನೆಯಲ್ಲಿ ಒಬ್ಬರಿಗೂ ನೆಮ್ಮದಿಯಿಲ್ಲ. ತಪ್ಪು ಯಾರದು?"

ಹೀಗೆ ಕೇಳಿದವರು ಭಾಗೀರಥಮ್ಮ. ತುಂಬಿದ ಮನೆಯ ಯಜಮಾನಿ. ಅಲುಗುವುದಿಲ್ಲ ಎಂದ ಅವರು ಬಂದಾಗಿನಿಂದ ಒಂದು ಕಡೆ ಕುಳಿತಿರಲಿಲ್ಲ. ಚಾಪೆಯ ಅಂಚಿನಿಂದ ನಡುವಿಗೆ, ನಡುವಿನಿಂದ ಕಂಬದ ಪಕ್ಕಕ್ಕೆ ಸರಿದಿದ್ದರು. ತಾನು ಅಡುಗೆಮನೆಗೆ ಕಾಲಿಟ್ಟರೆ ಸೊಸೆಯಂದಿರ ಮಾತು ನಿಂತುಹೋಗುತ್ತದೆ, ಮಕ್ಕಳು ಉಂಡ ಕೈ ಒಣಗುವ ಮೊದಲೇ ಹೊರಗೆ ಹೋಗಿಬಿಡುತ್ತಾರೆ ಎಂದು ದೂರು ಹೇಳಿದರು. ಈಗಿನವರಿಗೆ ತಾಳ್ಮೆಯಿಲ್ಲ ಎಂದೂ ಸೇರಿಸಿದರು.

ಗುರುಗಳು ಕೇಳಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಮೊಸರಿನ ವ್ಯಾಪಾರಿ ಇದ್ದ. ಅವನ ಹೆಂಡತಿ ಬೆಳಗಿನ ಜಾವಕ್ಕೆ ಎದ್ದು ಹಾಲು ಕಾಯಿಸಿ, ಬೆಚ್ಚಗಾಗುವಷ್ಟು ಆರಿಸಿ, ಮಣ್ಣಿನ ಕುಡಿಕೆಗಳಿಗೆ ಸುರಿದು ಹೆಪ್ಪು ಹಾಕುತ್ತಿದ್ದಳು. ವ್ಯಾಪಾರಿ ಆ ಕುಡಿಕೆಗಳನ್ನು ಒಣಹುಲ್ಲಿನ ಮೇಲೆ ಒತ್ತಾಗಿ ಇಟ್ಟು, ಗೋಣಿ ಹೊದಿಸಿ, ತನ್ನ ವ್ಯಾನಿನಲ್ಲಿ ಹೊರಡುತ್ತಿದ್ದ. ಹಾಲು ದಾರಿಯಲ್ಲೇ ಮೊಸರಾಗಬೇಕು. ಬೆಟ್ಟದ ಮೇಲಿನ ಛತ್ರದಲ್ಲಿ ಯಾತ್ರಿಕರು ಎಲೆಯ ಮುಂದೆ ಕೂರುವ ಹೊತ್ತಿಗೆ ಚಮಚ ನಿಲ್ಲುವಷ್ಟು ಗಟ್ಟಿ ಮೊಸರು ಕೈಗೆ ಸಿಗಬೇಕು. ಅದೇ ಆ ಮನೆಯ ಕಸುಬು.

ಬಹಳ ವರ್ಷ ಹಾಗೆಯೇ ನಡೆಯಿತು. ಬೆಟ್ಟದ ಮೊಸರು ಎಂದರೆ ಆ ಹೆಂಗಸಿನ ಕೈಗುಣ ಎಂದು ಜನ ಹೇಳುತ್ತಿದ್ದರು. ಊಟ ಮಾಡಿದವರು ಇಳಿಯುವಾಗ ದಾರಿ ಕೇಳಿಕೊಂಡು ಬಂದು, ಆಕೆಯಿಂದ ಹೆಪ್ಪು ಇಸಿದುಕೊಂಡು ಹೋಗುತ್ತಿದ್ದರು. ಆಕೆಗೆ ಮಕ್ಕಳಿರಲಿಲ್ಲ. ಒಡವೆಯೂ ಹೆಚ್ಚಿರಲಿಲ್ಲ. ಆಕೆಯದು ಎನ್ನುವಂಥದ್ದು ಆ ಒಂದು ಹೆಸರು.

ಒಂದು ಮಧ್ಯಾಹ್ನ ಕುಡಿಕೆಯ ಮುಚ್ಚಳ ತೆಗೆದರೆ ಮೊಸರು ಒಡೆದಿತ್ತು. ಮೇಲೆ ನೀರು, ಕೆಳಗೆ ಗಸಿ. ಒಂದು ದಿನ ಹಾಗಾಗುವುದುಂಟು ಎಂದು ಛತ್ರದವರು ಸುಮ್ಮನಾದರು. ಮರುವಾರವೂ ಹಾಗೇ ಆಯಿತು. ಆಮೇಲೆ ದಿನವೂ ಅದೇ.

ವ್ಯಾಪಾರಿ ಮೊದಲು ಹಾಲನ್ನು ಬೈದ. ಹಾಲು ಹಾಕುವವನನ್ನು ಬದಲಿಸಿದ. ನಂತರ ಕುಡಿಕೆಯನ್ನು ಬೈದ. ಮಣ್ಣು ಸರಿಯಾಗಿ ಬೆಂದಿಲ್ಲ ಎಂದು ಕುಂಬಾರನ ಮನೆಯ ಮುಂದೆ ನಿಂತು ಜಗಳವಾಡಿದ. ಕುಡಿಕೆ ಬದಲಾಯಿತು, ಮೊಸರು ಬದಲಾಗಲಿಲ್ಲ. ಆಮೇಲೆ ರಸ್ತೆ.

"ರಸ್ತೆಯದೇ ತಪ್ಪಿರಬೇಕು" ಎಂದರು ಭಾಗೀರಥಮ್ಮ.

"ಅವನೂ ಹಾಗೇ ಅಂದ, ತಾಯಿ" ಎಂದು ಗುರುಗಳು ಮುಂದುವರಿಸಿದರು.

ಅವನು ಸುತ್ತು ದಾರಿ ಹಿಡಿದ. ಆ ದಾರಿಯಲ್ಲಿ ಗುಂಡಿಗಳು ಕಡಿಮೆ. ಆದರೂ ಮೊಸರು ಒಡೆಯಿತು. ಛತ್ರದ ಪಾರುಪತ್ಯಗಾರ ಅವನನ್ನು ಪಕ್ಕಕ್ಕೆ ಕರೆದು, ಹೀಗೇ ಆದರೆ ಬೇರೆಯವರಿಗೆ ಹೇಳಬೇಕಾಗುತ್ತದೆ ಎಂದ. ವ್ಯಾಪಾರಿ ದಾರಿಯುದ್ದಕ್ಕೂ ಯೋಚಿಸಿದ. ಹಾಲು ಬದಲಾಗಿದೆ, ಕುಡಿಕೆ ಬದಲಾಗಿದೆ, ರಸ್ತೆಯೂ ಬದಲಾಗಿದೆ. ಬದಲಾಗದೆ ಉಳಿದಿರುವುದು ಹೆಪ್ಪು ಹಾಕುವ ಕೈ ಒಂದೇ.

ಓಡಿಸುವ ತಾನೂ, ಓಡುವ ವ್ಯಾನೂ ಬದಲಾಗದೆ ಉಳಿದಿವೆ ಎಂಬುದು ಅವನಿಗೆ ಹೊಳೆಯಲಿಲ್ಲ.

ಹೊಳೆಯದೆ ಇದ್ದದ್ದಕ್ಕೆ ಕಾರಣವೂ ಇತ್ತು. ವ್ಯಾನು ಒಂದೇ ದಿನದಲ್ಲಿ ಕೆಡಲಿಲ್ಲ. ಅದರ ಶಾಕ್ ಅಬ್ಸಾರ್ಬರ್‌ಗಳು ದಿನಕ್ಕಿಷ್ಟು ಎಂದು ಸವೆದವು, ಒಳಗಿನ ಎಣ್ಣೆ ತೊಟ್ಟುತೊಟ್ಟಾಗಿ ಸೋರಿತು. ವ್ಯಾನು ದಿನಕ್ಕಿಷ್ಟು ಹೆಚ್ಚು ಕುಣಿಯಿತು. ಅವನ ಮೈಯೂ ದಿನಕ್ಕಿಷ್ಟು ಅದನ್ನು ಕಲಿತುಕೊಂಡಿತು. ಗುಂಡಿ ಬಂತೆಂದರೆ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು, ಸೀಟಿನಿಂದ ತುಸು ಮೇಲೆದ್ದು, ಕುಣಿತ ಮುಗಿಯುವವರೆಗೆ ಹಾಗೇ ಇದ್ದು ಮತ್ತೆ ಕೂರುತ್ತಿದ್ದ. ತಾನು ಏಳುತ್ತಿದ್ದೇನೆ ಎಂಬುದೇ ಅವನಿಗೆ ತಿಳಿಯದಾಯಿತು. ಮಾವನ ಮನೆಯಲ್ಲಿ ಊಟಕ್ಕೆ ಕೂತಾಗಲೂ ಒಳಗೆ ಪಾತ್ರೆ ಸದ್ದಾದರೆ ಮಣೆ ಬಿಟ್ಟು ಮೇಲೇಳುತ್ತಿದ್ದ. ಅಳಿಯಂದಿರಿಗೆ ಮಣೆಯಲ್ಲೂ ಗುಂಡಿಗಳಿವೆ ಎಂದು ಅವನ ಅತ್ತೆ ನಗುತ್ತಿದ್ದಳು. ತನಗೆ ಮಾತ್ರ ಪ್ರಯಾಣ ಸುಖವಾಗಿದೆ ಎಂದೇ ಅವನ ನಂಬಿಕೆ.

ಅಂದು ಮನೆಗೆ ಬಂದವನೇ ಹೆಂಡತಿಗೆ, ನಿನ್ನ ಕೈಗುಣ ಕೆಟ್ಟಿದೆ ಎಂದ.

ಆಕೆ ಜಗಳವಾಡಲಿಲ್ಲ. ಒಳಗೆ ಹೋಗಿ ಒಂದು ಕುಡಿಕೆ ತಂದಳು. ವ್ಯಾನಿಗೆ ಹೇರಿದ ಕುಡಿಕೆಗಳ ಜೊತೆಯಲ್ಲೇ, ಅದೇ ಹಾಲಿಗೆ ಅದೇ ಹೆಪ್ಪು ಹಾಕಿ, ಒಂದನ್ನು ಮನೆಯಲ್ಲೇ ಉಳಿಸಿಕೊಂಡಿದ್ದಳು. ಅವನ ಎದುರಿಗೆ ಅದನ್ನು ಬೋರಲು ಹಿಡಿದಳು. ಮೊಸರು ಬೀಳಲಿಲ್ಲ.

"ಇದೂ ನನ್ನ ಕೈಯದೇ" ಎಂದಳು.

"ಒಲೆಯ ಪಕ್ಕ ಅಲುಗದೆ ಇಟ್ಟರೆ ಯಾರು ಹಾಕಿದರೂ ಹೆಪ್ಪಾಗುತ್ತೆ. ಮನೆಯಲ್ಲಿ ಗಟ್ಟಿಯಾದ ಮೊಸರನ್ನ ಛತ್ರದವರು ಬಂದು ಉಣ್ಣುತ್ತಾರಾ?" ಎಂದ ವ್ಯಾಪಾರಿ.

ಉತ್ತರ ಅವನ ಬಾಯಲ್ಲೇ ಇತ್ತು. ಅವನೇ ಕೇಳಿಸಿಕೊಳ್ಳಲಿಲ್ಲ.

ಮರುದಿನ ಪಕ್ಕದೂರಿನಿಂದ ತನ್ನ ಅಕ್ಕನನ್ನು ಕರೆತಂದ. ಇನ್ನು ಮೇಲೆ ಹೆಪ್ಪು ಹಾಕುವವಳು ಅಕ್ಕ ಎಂದು ಓಣಿಯಲ್ಲೂ ಹೇಳಿದ, ಛತ್ರದಲ್ಲೂ ಹೇಳಿದ. ಕಾರಣ ಕೇಳಿದವರಿಗೆ ಮುಚ್ಚುಮರೆಯಿಲ್ಲದೆ ಹೇಳಿದ. ಹೆಂಡತಿಗೆ ಪಾತ್ರೆ ತೊಳೆಯುವ ಕೆಲಸ ಉಳಿಯಿತು. ಹೆಪ್ಪು ಕೇಳಿಕೊಂಡು ಬಂದವರು ಈಗ ಆಕೆಯನ್ನು ದಾಟಿ ಅಕ್ಕನ ಹತ್ತಿರ ಹೋದರು. ನೆರೆಯ ಬಸುರಿಯೊಬ್ಬಳು ಮೊಸರನ್ನದ ಬಯಕೆಯಾಗಿ ಬಂದಾಗ, ಅವಳ ಅತ್ತೆ ಹಿಂದೆಯೇ ಬಂದು, ಈಕೆಯ ಕೈಯಿಂದ ಬೇಡ ಎಂದು ಪಿಸುಗುಟ್ಟಿ ಕರೆದುಕೊಂಡು ಹೋದಳು.

ಅಕ್ಕ ಹಾಕಿದ ಮೊಸರೂ ಒಡೆಯಿತು. ಹೊಸ ಜಾಗ, ಕೈ ಹೊಂದಿಕೊಳ್ಳಬೇಕಲ್ಲ ಎಂದು ವ್ಯಾಪಾರಿ ಛತ್ರದವರನ್ನು ಬೇಡಿಕೊಂಡ. ಆದರೆ ರಾತ್ರಿ ಮಲಗಿದರೆ ನಿದ್ದೆಯಿಲ್ಲ. ಎದ್ದು ಕೂರುವನು, ನೀರು ಕುಡಿಯುವನು, ಮತ್ತೆ ಮಲಗುವನು.

ಆ ದಿನಗಳಲ್ಲೇ ಅವನಿಗೆ ಕೆಂಗಣ್ಣು ಬಂತು. ರೆಪ್ಪೆ ಅಂಟಿಕೊಂಡು ರಸ್ತೆ ಕಾಣದಾಯಿತು. ವ್ಯಾನು ಓಡಿಸಲು ಹೆಂಡತಿಯ ತಮ್ಮ ಬಂದ. ಮುಂದೆ ಅಕ್ಕ ಕೂತಳು. ಕೆಂಗಣ್ಣಿನವರು ನನ್ನ ಪಕ್ಕ ಬೇಡ ಎಂದಳು. ವ್ಯಾಪಾರಿ ಹಿಂದೆ ಕುಡಿಕೆಗಳ ನಡುವೆ ಕೂತ. ವ್ಯಾನು ಕೊಂಡಾಗಿನಿಂದ ಅವನು ಅಲ್ಲಿ ಕೂತದ್ದು ಅದೇ ಮೊದಲು.

ಊರು ದಾಟುವ ಮೊದಲೇ ಅವನ ತಲೆ ಮೇಲಿನ ತಗಡಿಗೆ ಬಡಿಯಿತು. ನಿಧಾನ ಎಂದು ಕೂಗಿದ. ಇನ್ನೊಂದು ಗುಂಡಿಗೆ ಇಳಿದಾಗ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂತು. ಹಾಳು ಮಾಡುತ್ತೀಯಾ, ನಿಧಾನ ಹೋಗು ಎಂದು ಮತ್ತೆ ಕೂಗಿದ.

"ಭಾವ, ನೀವು ಓಡಿಸೋದರಲ್ಲಿ ಅರ್ಧ ವೇಗವೂ ಇಲ್ಲ ಇದು" ಎಂದ ಹುಡುಗಾಟದ ಭಾವಮೈದ. "ಇಳಿದು ತಳ್ಳಿಕೊಂಡು ಹೋಗಲಾ?"

ವ್ಯಾಪಾರಿ ಕಣ್ಣು ಒರೆಸಿಕೊಂಡು ಒಂದು ಕುಡಿಕೆಯ ಮುಚ್ಚಳ ತೆಗೆದು ನೋಡಿದ. ಹಾಲು ಆಗ ತಾನೇ ಕೂಡಿಕೊಳ್ಳುತ್ತಿತ್ತು. ಒಂದು ಗುಂಡಿ ಬಂತು. ವ್ಯಾನು ಇಳಿಯಿತು, ಏರಿತು. ಗುಂಡಿ ಹಿಂದೆ ಉಳಿಯಿತು, ಮುಂದೆ ರಸ್ತೆ ಸಪಾಟಾಗಿತ್ತು. ಆದರೆ ವ್ಯಾನು ಇನ್ನೂ ಏರುತ್ತಿತ್ತು, ಇಳಿಯುತ್ತಿತ್ತು. ಅದರೊಂದಿಗೆ ಕುಡಿಕೆ, ಕುಡಿಕೆಯೊಳಗೆ ಮೊಸರು. ನೋಡನೋಡುತ್ತಿದ್ದಂತೆ ಕೆನೆಯಲ್ಲಿ ಒಂದು ಗೆರೆ ಬಿಟ್ಟುಕೊಂಡಿತು. ಗೆರೆಯಲ್ಲಿ ನೀರು ಕಂಡಿತು.

ಇಷ್ಟು ದಿನವೂ ಅವನ ಬೆನ್ನ ಹಿಂದೆ ಇದೇ ನಡೆದಿತ್ತು.

ಛತ್ರಕ್ಕೆ ಹೋಗದೆ ವ್ಯಾನನ್ನು ಗ್ಯಾರೇಜಿಗೆ ತಿರುಗಿಸು ಎಂದ. ಮೇಸ್ತ್ರಿ ವ್ಯಾನಿನ ಒಂದು ಮೂಲೆಯನ್ನು ಕೈಯಿಂದ ಅದುಮಿ ಬಿಟ್ಟ. ಅದು ಕುಣಿಯುತ್ತಲೇ ಇತ್ತು.

"ತೊಟ್ಟಿಲು ಚೆನ್ನಾಗಿದೆ, ಮಗು ಎಲ್ಲಿ?" ಎಂದು ಮೇಸ್ತ್ರಿ ಕೇಳಿದ.

ಪೆಟ್ಟು ತಿನ್ನುವುದು ಸ್ಪ್ರಿಂಗು, ಪೆಟ್ಟಿನ ನಂತರದ ಕುಣಿತ ನಿಲ್ಲಿಸುವುದು ಶಾಕು, ಇದರಲ್ಲಿ ಸ್ಪ್ರಿಂಗು ಮಾತ್ರ ಬದುಕಿದೆ ಎಂದು ಹೇಳಿದ. ಹೆಚ್ಚು ಸೋರುತ್ತಿರುವ ಒಂದನ್ನು ಬದಲಿಸಿದರೆ ಸಾಲದೇ ಎಂದು ವ್ಯಾಪಾರಿ ಕೇಳಿದ. ಒಂದು ಕಾಲು ಗಟ್ಟಿ ಒಂದು ಕಾಲು ಸಡಿಲವಾದರೆ ವ್ಯಾನು ಕುಂಟುತ್ತದೆ ಎಂದು ಮೇಸ್ತ್ರಿ ಒಪ್ಪಲಿಲ್ಲ. ಹಿಂದಿನ ಜೋಡಿ ಶಾಕುಗಳೂ, ಮುಂದೆ ಸ್ಪ್ರಿಂಗಿನ ಜೊತೆಗೇ ಕೂಡಿಕೊಂಡಿರುವ ಶಾಕುಗಳಾದ ಜೋಡಿ ಸ್ಟ್ರಟ್‌ಗಳೂ ಹೊಸದಾಗಿ ಬಂದವು. ಸ್ಟ್ರಟ್ಟಿನ ಸ್ಪ್ರಿಂಗನ್ನು ಇಕ್ಕಳದಲ್ಲಿ ಬಿಗಿದು ಕೂರಿಸುವಷ್ಟು ಹೊತ್ತೂ ವ್ಯಾಪಾರಿ ಗ್ಯಾರೇಜಿನ ಅಂಗಳದಲ್ಲಿ ಆ ಕೊನೆಯಿಂದ ಈ ಕೊನೆಗೆ ನಡೆದ. ಕೂರಿ ಎಂದರೂ ಕೂರಲಿಲ್ಲ.

ಕಣ್ಣು ವಾಸಿಯಾದ ಮೇಲೆ ತಾನೇ ಓಡಿಸಿದ. ವ್ಯಾನು ಗುಂಡಿಗೆ ಇಳಿಯಿತು, ಒಮ್ಮೆ ಎದ್ದಿತು, ನಿಂತಿತು. ಅವನ ಮೈ ಮಾತ್ರ ಹಳೆಯ ರೂಢಿಯಂತೆ ಸೀಟಿನಿಂದ ಮೇಲೆದ್ದು, ಬಾರದ ಕುಣಿತಕ್ಕೆ ಕಾದು, ಪೆಚ್ಚಾಗಿ ಕೂತಿತು.

ಛತ್ರದಲ್ಲಿ ಮುಚ್ಚಳ ತೆಗೆದರು. ಮೊಸರು ಕನ್ನಡಿಯಂತೆ ನಿಂತಿತ್ತು. ಬಡಿಸುವವರು ಬಂದು ನೋಡಿದರು. ಪಾರುಪತ್ಯಗಾರ ಬೆರಳಲ್ಲಿ ಮುಟ್ಟಿ ನೋಡಿ ನಕ್ಕ. ಅಂತೂ ನಿನ್ನ ಅಕ್ಕನ ಕೈಗುಣ ಗೆದ್ದಿತು, ಮೊದಲೇ ಕರೆತರಬಾರದಿತ್ತೇ ಎಂದ. ವ್ಯಾಪಾರಿ ಬಾಯಿ ತೆರೆದ. ವ್ಯಾನಿನ ವಿಷಯ ನಾಲಗೆಯ ತುದಿಗೆ ಬಂದಿತ್ತು. ಆದರೆ ಸುತ್ತ ಬಹಳ ಜನ ನಿಂತಿದ್ದರು. ಎಲ್ಲರೂ ಸಂತೋಷವಾಗಿದ್ದರು. ಅವನೂ ನಕ್ಕು ಕೈಮುಗಿದ.

ಅಂದಿನಿಂದ ಬೆಟ್ಟದ ಮೊಸರು ಒಮ್ಮೆಯೂ ಒಡೆಯಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಭಾಗೀರಥಮ್ಮನವರ ಮುಖ ಹಗುರಾಯಿತು. ಅವರು ಎದ್ದು ಸೆರಗು ಸರಿಮಾಡಿಕೊಂಡರು. ತನಗೆ ಅರ್ಥವಾಯಿತು ಎಂದರು. ಪೆಟ್ಟು ತಾಕದೆ ಇದ್ದದ್ದಲ್ಲ, ತಾನು ಅದಕ್ಕೆ ಒಗ್ಗಿಹೋಗಿದ್ದೆ, ಹಿಂದೆ ಕೂತವರು ಅದನ್ನೆಲ್ಲ ತಿಂದರು ಎಂದರು. ಇವತ್ತಿನಿಂದಲೇ ಮನಸ್ಸನ್ನು ಹತೋಟಿಗೆ ತಂದುಕೊಳ್ಳುತ್ತೇನೆ, ಕಾರಣ ಯಾರಿಗೂ ಬಿಡಿಸಿ ಹೇಳಬೇಕಾದ್ದಿಲ್ಲ, ಮನೆಯವರು ತಾವಾಗಿಯೇ ಕಂಡುಕೊಳ್ಳುತ್ತಾರೆ ಎಂದರು. ಬಾಗಿಲವರೆಗೆ ಹೋದವರು ತಿರುಗಿ ನಿಂತರು.

"ಒಟ್ಟಿನಲ್ಲಿ ವ್ಯಾನು ಸರಿಯಾಯಿತು, ಮೊಸರೂ ಸರಿಯಾಯಿತು. ಕತೆ ಸುಖವಾಗಿ ಮುಗಿಯಿತಲ್ಲ, ಗುರುಗಳೇ?"

ಗುರುಗಳು ಹೇಳಿದರು: "ಆ ಹೆಂಗಸಿನ ಕೈಯಿಂದ ಇವತ್ತಿಗೂ ಯಾರೂ ಮೊಸರು ಇಸಿದುಕೊಳ್ಳುವುದಿಲ್ಲ, ತಾಯಿ."